ಮಗುವಿಗೆ ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ

ಮಗುವಿಗೆ ಫಿಟ್ಸ್ ಶುರುವಾದರೆ ಮೊದಲು ಟೈಮ್ ನೋಡಿ. ಗೋಡೆ ಗಡಿಯಾರ, ಮೊಬೈಲ್, ಯಾವುದಾದರೂ ಸರಿ. ನೋಡಿ, ಬಾಯಿಬಿಟ್ಟು ಜೋರಾಗಿ ಹೇಳಿ, "ಈಗ ಒಂಬತ್ತು ಇಪ್ಪತ್ತು" ಅಂತ. ಪಕ್ಕದಲ್ಲಿ ಇರುವವರ ಕಿವಿಗೂ ಬೀಳಲಿ, ಯಾಕೆಂದರೆ ಆ ಗಾಬರಿಯಲ್ಲಿ ಆಮೇಲೆ ನಿಮಗೆ ನೆನಪಿರುವುದಿಲ್ಲ.

ನಮ್ಮ ಮನೆಯಲ್ಲಿ ಆ ರಾತ್ರಿ ಯಾರೂ ನೋಡಲಿಲ್ಲ. ಕೊಡಗಿನ ನಾಪೋಕ್ಲು ಕಡೆ ತೋಟದ ಒಳಗೆ ನಮ್ಮ ಮನೆ. ಕಕ್ಕಡದ ಮಳೆ, ಕರೆಂಟ್ ಹೋಗಿ ಎರಡು ದಿನವಾಗಿತ್ತು. ಮಗಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಸಂಜೆಯಿಂದ ಜ್ವರ ಇತ್ತು, ಮಲಗಿದ್ದವಳ ಬಲಗೈ ಎಳೆಯಲು ಶುರುವಾಯಿತು, ಆಮೇಲೆ ಬಲಗಡೆ ಪೂರ್ತಿ. ಮಾವ ಬೀಗದ ಕೈ ಗೊಂಚಲನ್ನು ಅವಳ ಅಂಗೈಗೆ ಒತ್ತಿ ಹಿಡಿದರು. ನಾನು ಹಲ್ಲಿನ ಮಧ್ಯೆ ಚಮಚ ತುರುಕಿದೆ, ಒಂದು ಹಲ್ಲು ಮುರಿಯಿತು. ಅತ್ತೆ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಎಲ್ಲರೂ ಕಾದೆವು. ಪಕ್ಕದ ತೋಟದ ಪಿಕಪ್ ಹತ್ತುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದಾಗಲೇ ಗೊತ್ತಾಗಿದ್ದು. ಒಟ್ಟು ಒಂದು ಗಂಟೆಗೂ ಮೇಲೆ ನಡೆಯಿತು. ಅವಳಿಗೆ ಈಗ ಒಂಬತ್ತು ವರ್ಷ. ಬಲಗೈಯಲ್ಲಿ ಬಲ ಕಡಿಮೆ, ಮಾತು ಹುಡುಕಿ ಹುಡುಕಿ ಬರುತ್ತದೆ, ಬೆಳಗ್ಗೆ ಕಲಿತ ಪಾಠ ಸಂಜೆಗೆ ಮರೆತಿರುತ್ತಾಳೆ.

ಈ ಏಳು ವರ್ಷದಲ್ಲಿ ಮಕ್ಕಳ ಡಾಕ್ಟರು, ನರರೋಗದ ಡಾಕ್ಟರು, ಫಿಸಿಯೋ ಮಾಡುವವರು, ಇವರ ಹತ್ತಿರ ಎಲ್ಲ ಕೇಳಿ ಕೇಳಿ ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ. ಕೊಡಗಿನ ಮನೆಗಳಿಗೆ ಅಂತಲೇ ಬರೆಯುತ್ತಿದ್ದೇನೆ. ಪೇಟೆಯಲ್ಲಿ ಇರುವವರಿಗೆ ಆಸ್ಪತ್ರೆ ಹತ್ತು ನಿಮಿಷ. ಭಾಗಮಂಡಲದಿಂದ ಮಡಿಕೇರಿಗೆ 35 ಕಿಲೋಮೀಟರ್‌ಗೂ ಜಾಸ್ತಿ, ಮಳೆಗಾಲದಲ್ಲಿ ಆ ದಾರಿ ಎಷ್ಟು ಹೊತ್ತು ತಿನ್ನುತ್ತದೆ ಅಂತ ನಿಮಗೇ ಗೊತ್ತು.

ಐದು ನಿಮಿಷ ಯಾಕೆ

ಮಕ್ಕಳಿಗೆ ಬರುವ ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತವೆ. ಜ್ವರದ ಫಿಟ್ಸ್ ಅಂತೂ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 2ರಿಂದ 5 ಮಕ್ಕಳಿಗೆ ಬರುತ್ತದೆ. ಚಿಕ್ಕದಾಗಿ ಬಂದು ಹೋಗುವ ಜ್ವರದ ಫಿಟ್ಸ್‌ನಿಂದ ಮೆದುಳಿಗೆ ಏನೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂದು ನಿಮಿಷದ ಫಿಟ್ಸ್ ಬಂದ ಮಗುವಿನ ತಾಯಿ ವರ್ಷಗಟ್ಟಲೆ ನಿದ್ದೆಗೆಟ್ಟು ಕೂರುವುದನ್ನು ನೋಡಿದ್ದೇನೆ. ಅಷ್ಟು ಹೆದರಬೇಕಾಗಿಲ್ಲ.

ಆದರೆ ಐದು ನಿಮಿಷ ದಾಟಿದ ಫಿಟ್ಸ್ ಬೇರೆ. ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಡಾಕ್ಟರುಗಳು ಇದನ್ನು ಸ್ಟೇಟಸ್ ಎಪಿಲೆಪ್ಟಿಕಸ್ ಅನ್ನುತ್ತಾರೆ. ಮೈಯೆಲ್ಲ ಅದುರುವ ಫಿಟ್ಸ್‌ಗೆ ಅವರ ಲೆಕ್ಕ ಎರಡು: 5 ನಿಮಿಷಕ್ಕೆ ಔಷಧ ಶುರುವಾಗಬೇಕು, 30 ನಿಮಿಷ ದಾಟಿದರೆ ಮೆದುಳಿಗೆ ಶಾಶ್ವತ ಪೆಟ್ಟು ಬೀಳುವ ಅಪಾಯ ಇದೆ.

ಒಳಗೆ ಏನಾಗುತ್ತದೆ ಅಂತ ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಫಿಟ್ಸ್ ಅಂದರೆ ಮೆದುಳಿನ ಕೋಶಗಳು ಒಟ್ಟೊಟ್ಟಿಗೆ, ಬಿಡದೆ ಕೆಲಸ ಮಾಡುವುದು. ಅದಕ್ಕೆ ಸಕ್ಕರೆ, ಆಮ್ಲಜನಕ ಎರಡೂ ಸಿಕ್ಕಾಪಟ್ಟೆ ಬೇಕು. ಮೊದಮೊದಲು ದೇಹ ಹೇಗೋ ಒದಗಿಸುತ್ತದೆ, ಬಿಪಿ ಏರುತ್ತದೆ, ಮೆದುಳಿಗೆ ರಕ್ತ ಜಾಸ್ತಿ ಹರಿಯುತ್ತದೆ. ಅರ್ಧ ಗಂಟೆಯ ಆಸುಪಾಸು ದೇಹ ಸೋಲಲು ಶುರುವಾಗುತ್ತದೆ. ಬಿಪಿ ಇಳಿಯುತ್ತದೆ, ಉಸಿರು ಸಾಲುವುದಿಲ್ಲ, ಸಕ್ಕರೆ ಕಡಿಮೆಯಾಗುತ್ತದೆ. ಆದರೆ ಮೆದುಳಿನ ಹಸಿವು ಹಾಗೇ ಇರುತ್ತದೆ. ಗ್ಲುಟಮೇಟ್ ಅನ್ನುವ ರಾಸಾಯನಿಕ ಮಿತಿಮೀರಿ ಸುರಿದು, ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ, ಕೋಶಗಳು ಸಾಯುತ್ತವೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗಕ್ಕೆ ಪೆಟ್ಟು ಬೇಗ ತಗಲುತ್ತದೆ. ನನ್ನ ಮಗಳ ಎಂಆರ್‌ಐ ನೋಡಿ ಡಾಕ್ಟರು ಬೆರಳಿಟ್ಟು ತೋರಿಸಿದ್ದು ಅದನ್ನೇ.

ಇನ್ನೊಂದು ಮಾತು, ಇದು ನನ್ನನ್ನು ಜಾಸ್ತಿ ಕಾಡಿದ್ದು. ಫಿಟ್ಸ್ ನಿಲ್ಲಿಸುವ ಮೊದಲ ಔಷಧಗಳು, ಅಂದರೆ ಮಿಡಜೋಲಾಮ್, ಲೊರಾಜೆಪಾಮ್, ಡಯಜೆಪಾಮ್, ಮೆದುಳನ್ನು ಶಾಂತ ಮಾಡುವ ಗಾಬಾ ಅನ್ನುವ ರಾಸಾಯನಿಕದ ಬಾಗಿಲುಗಳ ಮೂಲಕ ಕೆಲಸ ಮಾಡುತ್ತವೆ. ಫಿಟ್ಸ್ ಮುಂದುವರಿದಂತೆ ಆ ಬಾಗಿಲುಗಳು ಕೋಶದ ಮೇಲ್ಮೈಯಿಂದ ಒಳಗೆ ಸರಿದುಬಿಡುತ್ತವೆ. ಹಾಗಾಗಿ ಐದನೇ ನಿಮಿಷದಲ್ಲಿ ಕೊಟ್ಟ ಔಷಧ ಹಿಡಿಯುವ ಹಾಗೆ ನಲವತ್ತನೇ ನಿಮಿಷದಲ್ಲಿ ಕೊಟ್ಟಿದ್ದು ಹಿಡಿಯುವುದಿಲ್ಲ. ತಡ ಮಾಡಿದಷ್ಟೂ ನಿಲ್ಲಿಸುವುದು ಕಷ್ಟ.

ಅದಕ್ಕೇ ನಾನು ಹೇಳುವುದು ಇಷ್ಟೇ: ನಮ್ಮಂಥ ಊರಲ್ಲಿ ಮೊದಲ ಔಷಧ ಆಸ್ಪತ್ರೆಯಲ್ಲಿದ್ದರೆ ಸಾಲದು, ಮನೆಯಲ್ಲಿ ಇರಬೇಕು.

ಮೊದಲ ಐದು ನಿಮಿಷ

ಮಗುವನ್ನು ನೆಲದ ಮೇಲೆ ಅಥವಾ ಗಟ್ಟಿ ಹಾಸಿಗೆ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ. ಜೊಲ್ಲು, ನೊರೆ, ವಾಂತಿ ಬಾಯಿಯಿಂದ ಹೊರಗೆ ಹರಿಯಬೇಕು, ಗಂಟಲಿಗೆ ಇಳಿಯಬಾರದು. ಒಲೆ, ಹಂಡೆ, ಮೆಟ್ಟಿಲು, ಚೂಪಾದ ವಸ್ತು ಇದ್ದರೆ ದೂರ ಸರಿಸಿ. ಸ್ವೆಟರ್, ಮಫ್ಲರ್, ಕುತ್ತಿಗೆಯ ಗುಂಡಿ ಸಡಿಲ ಮಾಡಿ. ನಮ್ಮ ಚಳಿಗೆ ಮಕ್ಕಳಿಗೆ ಮೂರು ಸುತ್ತು ಬಟ್ಟೆ ಹಾಕಿರುತ್ತೇವೆ, ಅದನ್ನು ಬಿಚ್ಚಿ. ಕೈಕಾಲು ಅದುರುವುದನ್ನು ಅದುಮಿ ಹಿಡಿಯಬೇಡಿ.

ಬಾಯಿಗೆ ಏನನ್ನೂ ಹಾಕಬೇಡಿ. ಚಮಚ ಬೇಡ, ಬೆರಳು ಬೇಡ, ನೀರು ಬೇಡ, ಜ್ವರದ ಸಿರಪ್ಪೂ ಬೇಡ. ನಾಲಿಗೆ ನುಂಗುತ್ತದೆ ಅನ್ನುವುದು ಸುಳ್ಳು, ನಾಲಿಗೆ ನುಂಗಲು ಆಗುವುದೇ ಇಲ್ಲ. ಕಬ್ಬಿಣ, ಬೀಗದ ಕೈ, ಚಪ್ಪಲಿ, ಈರುಳ್ಳಿ, ಇವು ಯಾವುವೂ ಫಿಟ್ಸ್ ನಿಲ್ಲಿಸುವುದಿಲ್ಲ. ಎಷ್ಟೋ ಸಲ ಫಿಟ್ಸ್ ತಾನಾಗಿ ನಿಲ್ಲುವ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಇರುತ್ತದೆ, ಕಬ್ಬಿಣಕ್ಕೆ ಹೆಸರು ಬರುತ್ತದೆ. ದೃಷ್ಟಿ ತೆಗೆಯುವುದು, ಯಂತ್ರ ಕಟ್ಟಿಸುವುದು ನಿಮ್ಮ ನಂಬಿಕೆ, ಅದನ್ನು ನಾಳೆ ಮಾಡಿ. ತಣ್ಣೀರಿನಲ್ಲಿ ಕೂರಿಸುವುದು ಬೇಡ. ಒದ್ದೆ ಬಟ್ಟೆ ಒತ್ತುತ್ತಾ ಕೂತರೂ ನಡೆಯುತ್ತಿರುವ ಫಿಟ್ಸ್ ನಿಲ್ಲುವುದಿಲ್ಲ, ಸುಮ್ನೆ ಹೊತ್ತು ಹೋಗುತ್ತದೆ.

ಇನ್ನೊಬ್ಬರು ಮನೆಯಲ್ಲಿದ್ದರೆ ಅವರು 108ಕ್ಕೆ ಫೋನ್ ಮಾಡಲಿ, ಗಾಡಿ ಹೊರಡಿಸಲಿ. ಐದು ನಿಮಿಷ ಆಗಲಿ ಅಂತ ಕಾಯಬೇಡಿ. ಫಿಟ್ಸ್ ನಿಂತರೆ ಗಾಡಿ ಸುಮ್ನೆ ಬಂದ ಹಾಗಾಗುತ್ತದೆ ಅಷ್ಟೇ. ಸಾಧ್ಯವಾದರೆ ಅರ್ಧ ನಿಮಿಷ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಡಾಕ್ಟರಿಗೆ ನಿಮ್ಮ ಹತ್ತು ಮಾತಿಗಿಂತ ಆ ವಿಡಿಯೋ ಜಾಸ್ತಿ ಹೇಳುತ್ತದೆ. ಯಾವ ಕಡೆಯಿಂದ ಶುರುವಾಯಿತು, ಕಣ್ಣು ಎತ್ತ ಎಳೆಯಿತು ಅನ್ನುವುದು ಅವರಿಗೆ ಮುಖ್ಯ.

ಕೆಲವು ಸಲ ಐದು ನಿಮಿಷದ ಲೆಕ್ಕವನ್ನೂ ನೋಡಬಾರದು, ಕೂಡಲೇ ಹೊರಡಬೇಕು. ಮೊದಲ ಸಲ ಬಂದ ಫಿಟ್ಸ್. ಆರು ತಿಂಗಳೊಳಗಿನ ಮಗು. ಬಿದ್ದು ತಲೆಗೆ ಪೆಟ್ಟಾದ ಮೇಲೆ ಬಂದದ್ದು. ಒಂದು ನಿಂತು, ಮಗು ಎಚ್ಚರವಾಗುವ ಮೊದಲೇ ಇನ್ನೊಂದು ಬಂದದ್ದು. ತುಟಿ ನೀಲಿಯಾಗಿ ಉಸಿರು ಸರಿ ಬಾರದೆ ಇದ್ದದ್ದು. ಜ್ವರದ ಜೊತೆ ಕುತ್ತಿಗೆ ಬಿಗಿದಿದ್ದರೆ, ಹಸುಗೂಸಿನ ನೆತ್ತಿ ಉಬ್ಬಿದ್ದರೆ, ವಾಂತಿ ನಿಲ್ಲದಿದ್ದರೆ ಅದು ಮೆದುಳು ಜ್ವರ ಇರಬಹುದು. ಮತ್ತೆ, ಮಗು ಏನಾದರೂ ನುಂಗಿದೆಯಾ ನೋಡಿ. ದೇವರ ಕೋಣೆಯ ಕರ್ಪೂರ ಒಂದೆರಡು ಬಿಲ್ಲೆ ತಿಂದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರುತ್ತದೆ, ನೀಲಗಿರಿ ಎಣ್ಣೆ ಕುಡಿದರೂ ಬರುತ್ತದೆ. ಶೀತಕ್ಕೆ ಎದೆಗೆ ಉಜ್ಜುವ, ಹಬೆಗೆ ಹಾಕುವ ಇಂಥ ಎಣ್ಣೆಗಳು ನಮ್ಮಲ್ಲಿ ಪ್ರತಿ ಮನೆಯಲ್ಲೂ ಇವೆ, ಅಲ್ವಾ? ಫಿಟ್ಸ್ ಇರುವ ಮಗುವಿನ ಮನೆಯಲ್ಲಿ ಅವನ್ನು ಬಳಸದೇ ಇರುವುದು ಒಳ್ಳೆಯದು. ತೋಟಕ್ಕೆ ಹೊಡೆಯುವ ಔಷಧದ ಬಾಟಲಿಗಳನ್ನು ಲೈನ್ ಮನೆಯ ಒಳಗೆ ಇಡುವುದನ್ನಂತೂ ದಯವಿಟ್ಟು ನಿಲ್ಲಿಸಿ.

ಹಂಡೆಯ ಬಿಸಿನೀರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಲೆಗೆ ಬಿಸಿಬಿಸಿ ನೀರು ಹುಯ್ಯುವಾಗಲೇ ಬರುವ ಒಂದು ಬಗೆಯ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ. ನಿಮ್ಹಾನ್ಸ್‌ನವರು ಇದರ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಮಗುವಿಗೆ ಸ್ನಾನದ ಹೊತ್ತಿಗೇ ಕಣ್ಣು ತೇಲಿಸುವುದು, ಸೊಟ್ಟ ನಗುವುದು ಕಂಡರೆ ಡಾಕ್ಟರಿಗೆ ಹೇಳಿ, ನೀರನ್ನು ಉಗುರುಬೆಚ್ಚಗೆ ಮಾಡಿ, ತಲೆಗೆ ಸುರಿಯುವ ಬದಲು ಮೈಗೆ ಮಾತ್ರ ಹಾಕಿ.

ಮೂಗಿನ ಸ್ಪ್ರೇ

ಒಂದು ಸಲ ಉದ್ದನೆಯ ಫಿಟ್ಸ್ ಬಂದ ಮಗು, ಪದೇ ಪದೇ ಬರುವ ಮಗು, ಆಸ್ಪತ್ರೆಯಿಂದ ದೂರ ಇರುವ ಮಗು, ಈ ಮೂವರ ಮನೆಯಲ್ಲೂ ಮಿಡಜೋಲಾಮ್ ಮೂಗಿನ ಸ್ಪ್ರೇ ಇರಬೇಕು ಅಂತ ನನ್ನ ಅಭಿಪ್ರಾಯ. ಡಾಕ್ಟರು ತಾವಾಗಿ ಬರೆಯದಿದ್ದರೆ ನೀವೇ ಕೇಳಿ. "ಸಾರ್, ನಮ್ಮ ಮನೆಯಿಂದ ಆಸ್ಪತ್ರೆಗೆ ಒಂದು ಗಂಟೆ ದಾರಿ, ಮನೆಯಲ್ಲಿ ಕೊಡಲು ಏನಾದರೂ ಬರೆದುಕೊಡಿ" ಅಂತ ಕೇಳುವುದರಲ್ಲಿ ನಾಚಿಕೆ ಇಲ್ಲ. ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಕೊಡುವುದಿಲ್ಲ, ಕೊಡಲೂ ಬಾರದು.

ಎಷ್ಟು ಕೊಡಬೇಕು ಅನ್ನುವುದು ಮಗುವಿನ ತೂಕದ ಮೇಲೆ. ಸಾಮಾನ್ಯ ಲೆಕ್ಕ ಒಂದು ಕೆ.ಜಿ.ಗೆ 0.2 ಮಿ.ಗ್ರಾಂ. ಹತ್ತು ಕೆ.ಜಿ. ಮಗುವಿಗೆ 2 ಮಿ.ಗ್ರಾಂ. ಒಂದು ಸಲ ಒತ್ತಿದರೆ 0.5 ಮಿ.ಗ್ರಾಂ. ಬರುವ ಬಾಟಲಿಯಾದರೆ ನಾಲ್ಕು ಸಲ ಒತ್ತಬೇಕು, ಒಂದೊಂದು ಮೂಗಿನ ಹೊಳ್ಳೆಗೆ ಎರಡೆರಡು. ಆದರೆ 1.25 ಮಿ.ಗ್ರಾಂ. ಬರುವ ಬಾಟಲಿಯೂ ಇದೆ. ಎರಡೂ ನೋಡಲು ಒಂದೇ ಥರ. ಅದರಲ್ಲಿ ನಾಲ್ಕು ಸಲ ಒತ್ತಿದರೆ ಎರಡೂವರೆ ಪಟ್ಟು ಹೋಗುತ್ತದೆ, ಉಸಿರು ನಿಧಾನವಾಗುವ ಅಪಾಯ ಇದೆ. ಹಾಗಾಗಿ ನನ್ನ ಲೆಕ್ಕ ನೋಡಿ ಕೊಡಬೇಡಿ. "ಈ ಬಾಟಲಿ, ಇಷ್ಟು ಸಲ" ಅಂತ ಡಾಕ್ಟರ ಕೈಯಲ್ಲೇ ಬರೆಸಿಕೊಂಡು ಬಾಟಲಿಗೆ ಅಂಟಿಸಿ. ಮೆಡಿಕಲ್‌ನವರು ಬೇರೆ ಬಾಟಲಿ ಕೊಟ್ಟರೆ ಮತ್ತೆ ಫೋನ್ ಮಾಡಿ ಕೇಳಿ.

ಐದು ನಿಮಿಷಕ್ಕೂ ಫಿಟ್ಸ್ ನಿಲ್ಲದಿದ್ದರೆ ಕೊಡುವುದು ಹೇಗೆ? ಮೂಗಿನ ಸಿಂಬಳ ಒರೆಸಿ. ಹೊಸ ಬಾಟಲಿಯಾದರೆ ಮೊದಲು ಗಾಳಿಯಲ್ಲಿ ಒತ್ತಿ, ಹನಿ ಸಣ್ಣದಾಗಿ ಚಿಮ್ಮುವವರೆಗೆ. ತುದಿಯನ್ನು ಹೊಳ್ಳೆಯೊಳಗೆ ಇಟ್ಟು ಒತ್ತಿ, ಇನ್ನೊಂದು ಹೊಳ್ಳೆಗೆ ಬದಲಾಯಿಸಿ. ಮಗು ಅದುರುತ್ತಿರುವಾಗ ನಿಮ್ಮ ಕೈಯೂ ನಡುಗುತ್ತದೆ, ಅದಕ್ಕೆ ತಲೆಯನ್ನು ಒಬ್ಬರು ಮೆತ್ತಗೆ ಹಿಡಿದುಕೊಂಡರೆ ಸುಲಭ. ಕೊಟ್ಟ ಟೈಮನ್ನೂ ಹೇಳಿ, ಬರೆದಿಡಿ. ಆಮೇಲೆ ಮತ್ತೆ ಪಕ್ಕಕ್ಕೆ ಮಲಗಿಸಿ, ಎದೆ ಏರಿಳಿಯುವುದನ್ನು ನೋಡುತ್ತಾ ಇರಿ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಎರಡನೇ ಸಲ ಕೊಡಬಹುದಾ ಅನ್ನುವುದನ್ನು ಡಾಕ್ಟರು ಮೊದಲೇ ಹೇಳಿರಬೇಕು. ಹೇಳಿರದಿದ್ದರೆ ಕೊಡಬೇಡಿ, ದಾರಿ ಹಿಡಿಯಿರಿ.

ನಮ್ಮಲ್ಲಿ ಒಂದು ಬಾಟಲಿ ಮನೆಯಲ್ಲಿ, ಒಂದು ಅವಳ ಶಾಲೆಯ ಬ್ಯಾಗಿನಲ್ಲಿ ಇದೆ. ಟೀಚರಿಗೆ ಖಾಲಿ ಬಾಟಲಿಯಲ್ಲಿ ಹೇಳಿಕೊಟ್ಟಿದ್ದೇನೆ. ಅತ್ತೆಗೆ ಓದಲು ಬರುವುದಿಲ್ಲ, ಆದರೆ ಎಷ್ಟು ಸಲ ಒತ್ತಬೇಕು ಅಂತ ಬಾಟಲಿಯ ಮೇಲೆ ಚುಕ್ಕೆ ಇಟ್ಟುಕೊಟ್ಟಿದ್ದೇನೆ. ಮೊನ್ನೆ ಪುತ್ತರಿಗೆ ನಾವು ಇಲ್ಲದಾಗ ಕೊಟ್ಟವರು ಅವರೇ. ನಾಲ್ಕು ನಿಮಿಷದಲ್ಲಿ ನಿಂತಿತು.

ದಾರಿ

ದಾರಿಯ ಯೋಚನೆ ಬಿಸಿಲಿದ್ದಾಗಲೇ ಮಾಡಿ. ಹತ್ತಿರದ ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ ಯಾವುದು, ಅಲ್ಲಿ ರಾತ್ರಿ ಯಾರು ಇರುತ್ತಾರೆ, ಫಿಟ್ಸ್ ಇಂಜೆಕ್ಷನ್ ಮತ್ತು ಆಮ್ಲಜನಕ ಇದೆಯಾ, ಇಷ್ಟನ್ನು ಒಂದು ಬೆಳಗ್ಗೆ ಹೋಗಿ ಕೇಳಿಕೊಂಡು ಬನ್ನಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲಿ ಇಂಜೆಕ್ಷನ್ ಸಿಗುವುದಾದರೆ ಅದನ್ನು ದಾಟಿ ನೇರ ಮಡಿಕೇರಿಗೆ ಓಡಬೇಡಿ. ಮೊದಲ ಇಂಜೆಕ್ಷನ್ ಅಲ್ಲೇ ಕೊಡಿಸಿ, ಆಮೇಲೆ ಮುಂದೆ ಹೋಗಿ. ಮೈಸೂರಿನ ದೊಡ್ಡ ಆಸ್ಪತ್ರೆಗೇ ಹೋಗೋಣ ಅಂತ ಮಡಿಕೇರಿಯಿಂದ 120 ಕಿಲೋಮೀಟರ್ ಫಿಟ್ಸ್ ನಡೆಯುತ್ತಿರುವಾಗಲೇ ಹೊರಡುವವರಿದ್ದಾರೆ. ಅದು ತಪ್ಪು. ಮೊದಲು ಫಿಟ್ಸ್ ನಿಲ್ಲಿಸಿ, ಊರು ಆಮೇಲೆ ಆರಿಸಿ.

108ರವರಿಗೆ ತೋಟದ ಒಳದಾರಿ ಹೇಳುವುದು ಕಷ್ಟ. ಮುಖ್ಯರಸ್ತೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗ ಹೇಳಿ, ನೀವು ಅಲ್ಲಿಯವರೆಗೆ ಜೀಪಿನಲ್ಲಿ ಬನ್ನಿ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ. ಮರ ಬಿದ್ದರೆ ಕಡಿಯಲು ಗಾಡಿಯಲ್ಲಿ ಕತ್ತಿ ಇರಲಿ. ಸಿದ್ದಾಪುರ, ತಿತಿಮತಿ ಕಡೆಯವರು ರಾತ್ರಿ ಆನೆ ನಿಂತರೆ ಬೇರೆ ಯಾವ ದಾರಿ ಅನ್ನುವುದನ್ನೂ ಯೋಚಿಸಿಟ್ಟಿರಬೇಕು. ಬೈಕಿನಲ್ಲಿ ಇಬ್ಬರ ಮಧ್ಯೆ ಮಗುವನ್ನು ಕೂರಿಸಿಕೊಂಡು ಹೋಗಬೇಡಿ, ಕುತ್ತಿಗೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚುತ್ತದೆ. ಗಾಡಿಯ ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಮಲಗಿಸಿ, ಒಬ್ಬರು ಜೊತೆಗೆ ಕೂರಬೇಕು.

ದಾರಿಯಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇನ್ನೊಂದು. ಪಿಕಪ್‌ನಲ್ಲಿ ಅವಳ ಕೈಕಾಲು ಅದುರುವುದು ನಿಂತಿತು. ನಿಂತಿತು, ನಿದ್ದೆ ಹೋದಳು ಅಂತ ಸಮಾಧಾನವಾಗಿ ಗಾಡಿ ನಿಧಾನ ಮಾಡಿದೆವು. ಆದರೆ ಕಣ್ಣು ಬಲಕ್ಕೆ ಎಳೆದುಕೊಂಡೇ ಇತ್ತು, ರೆಪ್ಪೆ ಸಣ್ಣಗೆ ಮಿಡಿಯುತ್ತಿತ್ತು, ಬಾಯಿಯ ಒಂದು ಮೂಲೆ ಅದುರುತ್ತಿತ್ತು. ಫಿಟ್ಸ್ ನಿಂತೇ ಇರಲಿಲ್ಲ. ತುಂಬಾ ಹೊತ್ತು ನಡೆದ ಫಿಟ್ಸ್ ಹೊರಗೆ ಹೀಗೆ ಮೆತ್ತಗಾಗುತ್ತದೆ, ಒಳಗೆ ಮೆದುಳಿನಲ್ಲಿ ನಡೆಯುತ್ತಲೇ ಇರುತ್ತದೆ. ನಿಜವಾಗಿ ನಿಂತಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತದೆ, ಮೈ ಸಡಿಲವಾಗುತ್ತದೆ, ಉಸಿರು ಆಳವಾಗುತ್ತದೆ, ನಿಧಾನವಾಗಿ ಮಗು ಅಳುತ್ತದೆ, ನಿಮ್ಮ ಕೈ ಹಿಡಿಯುತ್ತದೆ. ಕಣ್ಣು ತೆರೆದು ಒಂದು ಕಡೆಗೇ ಎಳೆದಿದ್ದರೆ ಫಿಟ್ಸ್ ಇನ್ನೂ ಇದೆ ಅಂತಲೇ ತಿಳಿದುಕೊಳ್ಳಿ, ಆಸ್ಪತ್ರೆಯಲ್ಲೂ ಅದನ್ನೇ ಹೇಳಿ.

ಆಸ್ಪತ್ರೆಯಲ್ಲಿ

ಒಳಗೆ ಕಾಲಿಟ್ಟ ಕೂಡಲೇ ಮೂರು ವಿಷಯ: ಎಷ್ಟು ಗಂಟೆಗೆ ಶುರುವಾಯಿತು, ಏನು ಔಷಧ ಎಷ್ಟು ಗಂಟೆಗೆ ಕೊಟ್ಟಿರಿ, ಮಗುವಿನ ತೂಕ ಎಷ್ಟು. ಅವರು ಆಮ್ಲಜನಕ ಇಟ್ಟು, ರಕ್ತದ ಸಕ್ಕರೆ ನೋಡಿ, ಲೊರಾಜೆಪಾಮ್ ಅಥವಾ ಮಿಡಜೋಲಾಮ್ ಕೊಡುತ್ತಾರೆ, ಐದು ನಿಮಿಷಕ್ಕೆ ನಿಲ್ಲದಿದ್ದರೆ ಇನ್ನೊಂದು ಸಲ. ಅದಕ್ಕೂ ನಿಲ್ಲದಿದ್ದರೆ ಲೆವೆಟಿರಾಸಿಟಾಮ್, ಫಾಸ್‌ಫೆನಿಟಾಯಿನ್, ವಾಲ್‌ಪ್ರೊಯೇಟ್, ಈ ಮೂರರಲ್ಲಿ ಒಂದು. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದವು, ಸುಮಾರು ಅರ್ಧದಷ್ಟು ಜನರಿಗೆ ಫಿಟ್ಸ್ ನಿಂತಿತು. ಹಾಗಾಗಿ "ಆ ಇಂಜೆಕ್ಷನ್ ಯಾಕೆ, ಈ ಇಂಜೆಕ್ಷನ್ ಕೊಡಿ" ಅಂತ ಜಗಳ ಬೇಡ. ಆಮೇಲೆ ಐಸಿಯು.

ಬೆನ್ನಿನಿಂದ ನೀರು ತೆಗೆಯಬೇಕು ಅಂತ ಕೇಳಿದರೆ ಒಪ್ಪಿಕೊಳ್ಳಿ. ಬೆನ್ನಿಂದ ನೀರು ತೆಗೆದರೆ ಕಾಲು ಸ್ವಾಧೀನ ಹೋಗುತ್ತದೆ ಅಂತ ನಮ್ಮವರು ಹೆದರಿಸುತ್ತಾರೆ. ಹಾಗೇನೂ ಇಲ್ಲ, ಸೂಜಿ ಹಾಕುವುದು ಮೆದುಳುಬಳ್ಳಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಹತ್ತಿರ. ಮೆದುಳು ಜ್ವರ ಇದೆಯಾ ಅಂತ ಸರಿಯಾಗಿ ತಿಳಿಯುವುದು ಅದರಿಂದಲೇ. ಉದ್ದನೆಯ ಫಿಟ್ಸ್ ಆದ ಮಗು ಮುಂದೆ ಹೇಗಿರುತ್ತದೆ ಅನ್ನುವುದು ಎಷ್ಟು ಹೊತ್ತು ಬಂತು ಅನ್ನುವುದರ ಮೇಲೆ ಎಷ್ಟಿದೆಯೋ, ಯಾಕೆ ಬಂತು ಅನ್ನುವುದರ ಮೇಲೆ ಅದಕ್ಕಿಂತ ಜಾಸ್ತಿ ಇದೆ. ಜ್ವರಕ್ಕೆ ಬಂದ ಉದ್ದನೆಯ ಫಿಟ್ಸ್ ಆದ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ. ನನ್ನ ಮಗಳಿಗೆ ಆಗಿದ್ದು ಎಲ್ಲರಿಗೂ ಆಗುತ್ತದೆ ಅಂತ ಅಲ್ಲ.

ಮನೆಗೆ ಬಂದ ಮೇಲೆ

ಫಿಟ್ಸ್ ಆದ ಮೇಲೆ ಒಂದು ಕೈ ಅಥವಾ ಕಾಲು ಬಲ ಇಲ್ಲದಂತೆ ಇರಬಹುದು. ಕೆಲವು ಗಂಟೆಯಲ್ಲೋ ಒಂದೆರಡು ದಿನದಲ್ಲೋ ಸರಿಹೋದರೆ ಅದು ತಾತ್ಕಾಲಿಕ. ಆಮೇಲೂ ಉಳಿದರೆ ಸುಮ್ನೆ ಕಾಯಬೇಡಿ. ಎಂಆರ್‌ಐ, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಆಗಬೇಕು, ಫಿಸಿಯೋಥೆರಪಿ ಅದೇ ವಾರ ಶುರುವಾಗಬೇಕು. ಬೆಳೆದರೆ ಸರಿಯಾಗುತ್ತೆ ಅಂತ ಹಿರಿಯರು ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ, ನಾವು ಆ ಮಾತಿಗೆ ಎಂಟು ತಿಂಗಳು ಕಳೆದುಕೊಂಡೆವು. ಚಿಕ್ಕ ಮಕ್ಕಳ ಮೆದುಳು ಹೊಸ ದಾರಿ ಹುಡುಕಿಕೊಳ್ಳುವ ಶಕ್ತಿ ಮೊದಲ ವರ್ಷಗಳಲ್ಲೇ ಜಾಸ್ತಿ. ಆರಂಭದಲ್ಲೇ ಮಾಡಿಸಿದ ತರಬೇತಿಗೆ ಬೆಲೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ನೋಡಲು ಡಿಇಐಸಿ ಅನ್ನುವ ಕೇಂದ್ರ ಇರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಅದು ಉಚಿತ. ಅಂಗನವಾಡಿಯಲ್ಲಿ, ಆಶಾ ಅಕ್ಕನ ಹತ್ತಿರ ಕೇಳಿದರೆ ದಾರಿ ಹೇಳುತ್ತಾರೆ.

ಕೈಗೆ ನಾವು ಮಾಡಿಸಿದ್ದು ದೊಡ್ಡ ಯಂತ್ರದ ಕೆಲಸ ಏನಲ್ಲ. ಎಡಗೈಗೆ ದಿನಕ್ಕೆ ಸ್ವಲ್ಪ ಹೊತ್ತು ಕಾಲುಚೀಲ ಹಾಕಿ ಕಟ್ಟಿ, ಬಲಗೈಯಲ್ಲೇ ಕಾಫಿ ಬೀಜ ಹೆಕ್ಕಿ ಲೋಟಕ್ಕೆ ಹಾಕಿಸುವುದು. ಫಿಸಿಯೋದವರು ಹೇಳಿಕೊಟ್ಟಿದ್ದು. ಮೊದಲು ಒಂದು ಬೀಜಕ್ಕೆ ಅಳುತ್ತಿದ್ದಳು. ಈಗ ಕಣದಲ್ಲಿ ನನ್ನ ಜೊತೆ ಕೂತು ಕಲ್ಲು ಆರಿಸುತ್ತಾಳೆ.

ದಿನದ ಮಾತ್ರೆ ಬರೆದಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ. ಫಿಟ್ಸ್ ಇರುವ ಮಕ್ಕಳಲ್ಲಿ ಉದ್ದನೆಯ ಫಿಟ್ಸ್ ಬರಲು ದೊಡ್ಡ ಕಾರಣಗಳಲ್ಲಿ ಒಂದು ಮಾತ್ರೆ ತಪ್ಪುವುದು ಅಥವಾ ಒಮ್ಮೆಲೇ ನಿಲ್ಲಿಸುವುದು. ಆರು ತಿಂಗಳಿಂದ ಬಂದಿಲ್ಲ, ಇನ್ನು ಯಾಕೆ ಅಂತ ನೀವೇ ತೀರ್ಮಾನ ಮಾಡಬೇಡಿ, ಮಾತ್ರೆಯಿಂದಲೇ ಬಂದಿಲ್ಲ ಅನ್ನುವುದು ನೆನಪಿರಲಿ. ಜೂನ್ ಬರುವ ಮೊದಲು ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳು ಹೋದದ್ದು ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಅಡುಗೆಮನೆ ಬಾಗಿಲ ಹಿಂದೆ ನಮ್ಮಲ್ಲಿ ಒಂದು ಚೀಟಿ ಅಂಟಿಸಿದೆ. ಅವಳ ತೂಕ, ಸ್ಪ್ರೇ ಎಷ್ಟು ಸಲ, ದಿನದ ಮಾತ್ರೆ, ಪಿಎಚ್‌ಸಿ ನಂಬರ್, 108, ಪಿಕಪ್ ಅಣ್ಣನ ನಂಬರ್, ಬಾಟಲಿಯ ಎಕ್ಸ್‌ಪೈರಿ ತಿಂಗಳು. ಮೂರು ತಿಂಗಳಿಗೊಮ್ಮೆ ತೂಕ ನೋಡಿ ಚೀಟಿ ಬದಲಾಯಿಸುತ್ತೇನೆ. ಕಳೆದ ವಾರ 24 ಕೆ.ಜಿ. ಆಗಿದ್ದಳು. ಸ್ಪ್ರೇ ಎಷ್ಟು ಅಂತ ಸೋಮವಾರ ಡಾಕ್ಟರ ಹತ್ತಿರ ಬರೆಸಿಕೊಂಡು ಬಂದು ಹೊಸ ಚೀಟಿ ಅಂಟಿಸಬೇಕು, ಅತ್ತೆಯ ಬಾಟಲಿಗೆ ಹೊಸ ಚುಕ್ಕೆ ಇಡಬೇಕು.